ಫ್ಲೆಕ್ಸಿನ ಮೇಲಿದ್ದ ಮಾತು

ನನ್ನ ಗಂಡ ತೀರಿಕೊಂಡ ಹನ್ನೊಂದನೆಯ ದಿನ, ಹೊಳೆನರಸೀಪುರದ ನಮ್ಮ ಗೊಬ್ಬರದ ಅಂಗಡಿಯ ಮುಂದೆ ಅವರ ಸ್ನೇಹಿತರು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಇವರ ಫೋಟೋ, ಕೆಳಗೆ ಕಟ್ಟಿಸಿದವರ ಫೋಟೋಗಳ ಸಾಲು, ನಡುವೆ ದಪ್ಪ ಅಕ್ಷರದಲ್ಲಿ ಒಂದು ಮಾತು: ‘ಇಡೀ ತಾಲ್ಲೂಕು ಒಂದು ಕಡೆ ನಿಂತರೂ ನಾನು ನನ್ನ ಕಡೆಯೇ ನಿಲ್ಲುತ್ತೇನೆ.’

ಅದು ಇವರು ಬರೆದದ್ದಲ್ಲ. ಇವರನ್ನು ಆಡಿಕೊಳ್ಳಲು ಬೇರೆ ಯಾರೋ ಬರೆದದ್ದು.

ಇವರಿಗೊಂದು ಬ್ಲಾಗ್ ಇತ್ತು. ವ್ಯಾಪಾರ ಇಲ್ಲದ ಮಧ್ಯಾಹ್ನಗಳಲ್ಲಿ ಮೂಟೆಗಳ ನಡುವೆ ಕೂತು, ಜಿಲ್ಲೆಯ ರಾಜಕೀಯದ ಬಗ್ಗೆ ಫೋನಿನಲ್ಲೇ ಬರೆಯುತ್ತಿದ್ದರು. ಯಾವ ಪಕ್ಷಕ್ಕೂ ಸೇರಿದವರಲ್ಲ. ಹಾಗಾಗಿ ಎಲ್ಲ ಪಕ್ಷದವರಿಗೂ ಬೇಡವಾಗಿದ್ದರು. ಓದುವವರು ಬೆರಳೆಣಿಕೆಯಷ್ಟು. ಆಮೇಲೆ ಯಾರೋ ಇವರ ಬ್ಲಾಗಿನ ಹೆಸರಿಗೇ ‘ಮಹಾ’ ಎಂದು ಸೇರಿಸಿ ಇನ್ನೊಂದು ಬ್ಲಾಗ್ ತೆರೆದರು. ಅದರಲ್ಲಿ ಇವರ ಧಾಟಿಯಲ್ಲೇ ಮಾತಾಡುವ ಜಂಬದ ಗೊಬ್ಬರದಂಗಡಿಯವನೊಬ್ಬ. ಮಳೆ ಬಾರದಿದ್ದರೆ ಸರ್ಕಾರ ಕಾರಣ, ಬಂದರೆ ತನ್ನ ಲೇಖನ ಕಾರಣ ಎನ್ನುವವನು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಜನ ಅದನ್ನು ಫಾರ್ವರ್ಡ್ ಮಾಡಿದರು. ಮದುವೆ ಊಟದ ಪಂಕ್ತಿಯಲ್ಲಿ ನನ್ನ ಎದುರೇ ಓದಿಕೊಂಡು ನಕ್ಕರು.

ಅದರ ರುಚಿ ಏನೆಂದು ನನಗೆ ಗೊತ್ತು. ಅಭಿಪ್ರಾಯ ಓದಿದರೆ ಒಪ್ಪಬೇಕು, ಇಲ್ಲವೇ ಎದುರಾಡಬೇಕು. ಅಣಕಕ್ಕೆ ಎರಡೂ ಬೇಡ. ನಕ್ಕರೆ ಸಾಕು, ಬುದ್ಧಿವಂತರಾಗಿಬಿಡಬಹುದು. ಆ ನಗುವಿನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಬರೆದವನು ಯಾರೆಂದು ತಿಳಿಯದು. ತಿಳಿಯುವುದೂ ಬೇಡ, ಮನೆಗೆ ಬಂದರೆ ಗೊತ್ತಿದ್ದೂ ಅವನಿಗೆ ನೀರು ಕೊಡಬೇಕಾದೀತು.

ಫ್ಲೆಕ್ಸ್ ಮಾಡಿಸಿದ ಸ್ನೇಹಿತನನ್ನು ಕರೆದೆ.

‘ಈ ಮಾತು ಎಲ್ಲಿ ಸಿಕ್ತು?’

‘ಅಣ್ಣಂದೇ ಅಲ್ವಾ ಅತ್ಗೆ? ಎಲ್ಲಾರ್ ಸ್ಟೇಟಸ್ಸಲ್ಲೂ ಐತೆ. ಏನ್ ಕೆಚ್ಚು ನೋಡಿ!’

ಪಕ್ಕದಲ್ಲಿದ್ದ ಇನ್ನೊಬ್ಬ ಬಾಯಿಗೆ ಟವೆಲ್ ಅಡ್ಡ ಹಿಡಿದ. ‘ಲೇ, ಅದು ಅಣ್ಣನ್ನ ಅಣಕ್ಸಿ ಬರ್ದಿದ್ದು ಕಣ್ಲಾ. ಅದ್ನೇ ಆಕ್ಸ್‌ಬುಟ್ಟಿದ್ದೀಯಲ್ಲ, ಕೆಳ್ಗಡೆ ನಿನ್ ಮೂತಿ ಬೇರೆ!’

‘ಅಯ್ಯಯ್ಯೋ. ಅತ್ಗೆ, ಇವತ್ತೊಂದಿನ ಇರ್ಲಿ ಬಿಡಿ. ಹಾಸನದಿಂದ ನೆಂಟ್ರು ಬತ್ತಾವ್ರೆ. ಅವ್ರಿಗೇನ್ ಗೊತ್ತಾಯ್ತದೆ?’

‘ಇಳ್ಸು,’ ಎಂದೆ.

ಹಗ್ಗ ಬಿಚ್ಚಿ ಇಳಿಸಿದ. ‘ಆಯ್ತು, ಅಣ್ಣನ್ ಸ್ವಂತದ್ ಮಾತು ಒಂದ್ ಯೋಳಿ. ಬಿರ್ರನೆ ಬೇರೆ ಮಾಡ್ಸ್ಕಂಡ್ ಬತ್ತೀನಿ.’

ಇವರದೊಂದು ಸಾಲು ನೆನಪಿಸಿಕೊಳ್ಳಲು ನೋಡಿದೆ. ಬರೆದದ್ದನ್ನೆಲ್ಲ ಮೊದಲು ನನಗೇ ಓದಿ ಹೇಳುತ್ತಿದ್ದರು. ಆದರೂ ತಲೆಯಲ್ಲಿ ಇದ್ದದ್ದೆಲ್ಲ ಆ ಅಣಕದ ಸಾಲುಗಳೇ. ಅಷ್ಟು ಚೆನ್ನಾಗಿ ಕೂತುಬಿಟ್ಟಿದ್ದವು. ನನ್ನ ಮೇಲೇ ಅಸಹ್ಯವಾಯಿತು. ಇವರ ಫೋನ್ ತೆಗೆದುಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕಡೆಯ ಲೇಖನ ತೆರೆದೆ. ಅದರ ಒಂದು ಸಾಲನ್ನು ಅವನಿಗೆ ತೋರಿಸಿದೆ: ‘ಸಂತೆಗೆ ಬರುವ ಹೆಂಗಸರಿಗೆ ಶೌಚಾಲಯ ಬೇಕು. ಹಿಂದೆಯೂ ಬರೆದಿದ್ದೆ, ಮತ್ತೆ ಬರೆಯುತ್ತಿದ್ದೇನೆ.’

‘ಶ್ರದ್ಧಾಂಜಲಿಗೆ ಕಕ್ಕಸ್ಸಿನ್ ಮಾತಾ? ಜನ ನಗಾಡ್ತಾರೆ ಕಣತ್ಗೆ.’

‘ನಗ್ಲಿ. ಅವ್ರೇ ಬರ್ದಿದ್ ಮಾತಿಗೆ ನಗ್ಲಿ.’