ಗಾಜಣ್ಣ ಮತ್ತು ಎಲೆ ಹೀರುವ ಮಷೀನು

ಬೀದಿಯ ಕಿಟಕಿಗಳನ್ನೆಲ್ಲ ಒರೆಸಿ ಹೊಟ್ಟೆ ಹೊರೆಯುವ ಗಾಜಣ್ಣನಿಗೆ ಒಂದು ವರ್ಷದಿಂದ ಒಂದೇ ಚಿಂತೆ. ಸೂರಿನಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿಯಲ್ಲಿ ಕೊಳೆಯುವ ಎಲೆಗಳನ್ನು ನೆಲದ ಮೇಲೆ ನಿಂತೇ ಉದ್ದ ಕೊಳವೆಯಿಂದ ಹೀರಿ ತೆಗೆಯುವ ವ್ಯಾಕ್ಯೂಮ್ ಮಷೀನು ಕೊಳ್ಳುವುದೋ ಬೇಡವೋ. ಕ್ಷೌರದ ಕುರ್ಚಿಯಲ್ಲಿ ಕೂತರೂ ಅದೇ ಮಾತು, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದರೂ ಅದೇ. "ತಗೊಂಡ್ರೆ ಕೆಲಸ ಬರುತ್ತೋ ಇಲ್ವೋ" ಎನ್ನುತ್ತಾನೆ. ಯಾರಾದರೂ "ಬರುತ್ತೆ" ಎಂದರೆ, "ಬಂದ್ರೆ ಒಬ್ಬನೇ ಹೇಗಪ್ಪ ನಿಭಾಯಿಸ್ಲಿ" ಎಂದು ಇನ್ನಷ್ಟು ಬೆವರುತ್ತಾನೆ. ಮಷೀನಿನ ಚಿತ್ರವಿರುವ ಹಾಳೆ ಅವನ ಅಂಗಿಯ ಜೇಬಿನಲ್ಲೇ ಮೂರು ಒಗೆತ ಕಂಡು ಹಪ್ಪಳವಾಗಿದೆ. "ದೋಣಿ ಕಟ್ಕೊಂಡಿದೆ, ಹೇಗೂ ಮೇಲೆ ಹತ್ತಿದ್ದೀರಲ್ಲ, ಸ್ವಲ್ಪ ನೋಡಿ" ಎಂದು ಮನೆಯವರು ಕೇಳಿದರೆ ಆಕಾಶದ ಕಡೆ ಮುಖ ಮಾಡಿ, "ಇವತ್ತು ಗಾಳಿ ಜಾಸ್ತಿ" ಎನ್ನುತ್ತಾನೆ. ಒಂದು ಎಲೆಯೂ ಅಲ್ಲಾಡುತ್ತಿರುವುದಿಲ್ಲ. ಊರನ್ನೆಲ್ಲ ಕೇಳಿದವನು, ಇಪ್ಪತ್ತು ವರ್ಷದಿಂದ ಕೆಳಗೆ ಏಣಿ ಹಿಡಿದು ನಿಲ್ಲುವ ಹೆಂಡತಿಯನ್ನು ಮಾತ್ರ ಕೇಳಿರಲಿಲ್ಲ. ನಿನ್ನೆ ಏಣಿ ಮಡಚುತ್ತ ಅವಳೇ ಹೇಳಿದಳು: "ತಗೊಂಬಿಡಿ. ಗಾಳಿ ಇಲ್ದಿರೋ ದಿನಾನೂ ನಿಮ್ಮ ಕಾಲು ನಡುಗೋದು, ಏಣಿ ಹಿಡ್ಕೊಂಡಿರೋ ನನ್ನ ಕೈಗೆ ಗೊತ್ತಾಗಲ್ವಾ?"