ಇಲಿಗಳ ಆರಾಮ

ಧೂಳು ತುಂಬಿ ಗಟ್ಟಿಯಾದ ಶ್ವಾಸಕೋಶಕ್ಕೆ ಆಡುಸೋಗೆ ಸೊಪ್ಪಿನ ಸತ್ವ ನಾಟುತ್ತದೋ ಇಲ್ಲವೋ ಎಂದು ನೋಡುವುದು ಆಗ ನನ್ನ ಕೆಲಸ. ಸೊಪ್ಪಿಗಾಗಿ ಮೂರನೇ ಸಲ ಗಜೇಂದ್ರಗಡಕ್ಕೆ ಬಂದಿದ್ದೆ; ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿತ್ತು. ತಮ್ಮ ಬೇಲಿಯ ಸೊಪ್ಪು ಕೊಯ್ದು ಕೊಡುತ್ತಿದ್ದವರು ಹಸನಸಾಬರು, ಮೂವತ್ತು ವರ್ಷ ಬೀಸುಕಲ್ಲು ಕಟೆದವರು.

"ಈ ಔಷಧ ಯಾರಿಗ ಕೊಡ್ತೀರಿ ಸರ?"

"ಸದ್ಯಕ್ಕ ಲ್ಯಾಬಿನ ಇಲಿಗೋಳಿಗೆ ರೀ."

"ಇಲಿ ಏನ್ ಕಲ್ಲು ಕಡೀತಾವೇನ್ರಿ? ಅವಕ್ಕ ಈ ರೋಗ ಹ್ಯಾಂಗ ಬಂತು?"

"ನಾವ ಬರಿಸ್ತೀವ್ರಿ," ಎಂದೆ.

ಕೆಮ್ಮು ನಿಲ್ಲುವವರೆಗೆ ಅವರು ಬೇಲಿ ಹಿಡಿದು ನಿಂತರು. "ನನಗ ಬರಿಸೂ ತ್ರಾಸ ಇಲ್ಲಲ್ರಿ. ಮೊದಲ ನನಗ ಕೊಟ್ಟು ನೋಡ್ರಿ."

ಇಲಿಗಳ ಪರೀಕ್ಷೆ ಮುಗಿಯದೆ ಮನುಷ್ಯರಿಗೆ ಕೊಡುವಂತಿಲ್ಲ ಎಂಬ ನಿಯಮ ಹೇಳಿದೆ.

ಆಮೇಲೆ ಹೋದಾಗಲೆಲ್ಲ "ಇಲಿ ಆರಾಮ ಅದಾವೇನ್ರಿ?" ಎಂದು ವಿಚಾರಿಸುತ್ತಿದ್ದರು. ಅವರ ಆರಾಮ ನಾನು ಕೇಳಬೇಕಾಗಿರಲಿಲ್ಲ. ಓಣಿಯ ತಿರುವಿನಲ್ಲೇ ಕೆಮ್ಮು ಕೇಳಿಸುತ್ತಿತ್ತು.