ಅಪ್ಪನ ಗಿಟಾರಿಗೆ ಅವ್ವ ಇಟ್ಟ ಹೆಸರು

ಇವತ್ತು ರಾಯಚೂರು ಸ್ಟೇಷನ್‌ನಾಗ ಗಿಟಾರ್ ಹಿಡ್ಕೊಂಡ ಹುಡುಗ ನನ್ನ ಆಟೋ ಹತ್ತಿದ. ದಾರ್ಯಾಗ ಪಾಠಾನ ಮಾಡಿದ. ತೊಡಿ ಮ್ಯಾಲ ಮಲಗಿಸಿ ಉಕ್ಕಿನ ತುಂಡು ಜಾರಿಸಿದ್ರ ಲ್ಯಾಪ್ ಸ್ಟೀಲ್ ಅಂತ, ಬೆರಳಿಗೆ ಗಾಜಿನ ಕೊಳವಿ ಹಾಕ್ಕೊಂಡ್ರ ಬಾಟಲ್‌ನೆಕ್ ಅಂತ, ಗಿಟಾರಿನ ಹೊಟ್ಟ್ಯಾಗ ತಗಡಿನ ತಾಟಿದ್ರ ರೆಸೊನೇಟರ್ ಅಂತ. ನಾ ಐದನೇ ಇಯತ್ತಾ ಫೇಲ್, ಆದ್ರ ಈ ಪಾಠ ನನಗ ಮನ್ಯಾಗ ಆಗಿತ್ತು.

ಮಾನ್ವ್ಯಾಗ ನಮ್ಮಪ್ಪ ಅಕ್ಕಿ ಮಿಲ್ಲಿಗೆ ಹೋಗ್ತಿದ್ದ, ಶನಿವಾರ ಭಜನ್ಯಾಗ ಗಿಟಾರ್ ಬಾರಿಸ್ತಿದ್ದ. ಒಮ್ಮೆ ಮಿಲ್ಲಿನ ಮಿಷನ್ ಬೆಲ್ಟಿಗೆ ಸಿಕ್ಕು ಎಡಗೈ ಬೆರಳು ಮಡಚಲಾರದಂಗ ಆದ್ವು. ತಂತಿ ಒತ್ತಾಕ ಬರಲಾರದ್ದಕ್ಕ ಗಿಟಾರ್ ಗ್ವಾಡಿಗೆ ತೂಗುಹಾಕಿದ, ಮಾತೂ ಬಿಟ್ಟ.

ಒಂದಿನ ಅವ್ವ ಒಲಿ ಮುಂದ ಕುಂತು ಅಂದ್ಲು, "ಏನ್ರೀ, ರೊಟ್ಟಿ ಬಡೀಬೇಕಾದ್ರ ಬೆರಳು ಬೇಕು. ಚಪಾತಿಗೆ ಲಟ್ಟಣಗಿ ಆಡಿಸಿದ್ರ ಸಾಕು. ಇಷ್ಟು ದಿನ ಗಿಟಾರ್ ಮ್ಯಾಲ ರೊಟ್ಟಿ ಬಡಿದ್ರಿ, ಇನ್ನ ಚಪಾತಿ ಲಟ್ಟಸ್ರಿ."

"ಹುಚ್ಚಿ" ಅಂತ ಅಪ್ಪ ನಕ್ಕ. ಆದ್ರ ಮರುದಿನ ಗಿಟಾರ್ ತೊಡಿ ಮ್ಯಾಲ ಮಲಗಿಸಿ, ನುಣ್ಣನ ಉಕ್ಕಿನ ತುಂಡು ತಂತಿ ಮ್ಯಾಲ ಜಾರಿಸಿದ. ಬೆಕ್ಕು ಜಗಳಾಡಿದಂಗ ಕೇಳಿ ಬಾಜೂಮನಿ ಅಜ್ಜಿ ಓಡಿ ಬಂದ್ಲು.

ಎರಡು ತಿಂಗಳಿಗೆ ಭಜನಿಗೆ ಹೋದ. ಹಿರ್ಯಾರೊಬ್ರು, "ಏ ತಮ್ಮಾ, ಹಿಂಗ ಬಾರಿಸೋದಕ್ಕ ಏನಂತಾರ?" ಅಂದ್ರು.

"ಚಪಾತಿ ಅಂತಾರ್ರೀ ಯಪ್ಪಾ."

"ಹಂಗಾರ ಬಿಸಿ ಇರೂದ್ರಾಗ ನೀಡು."

ಅವತ್ತು ಅಪ್ಪ ಹಾಡು ಮುಗಿದ್ರೂ ಬಾರಿಸೋದು ಬಿಡ್ಲಿಲ್ಲ.

ಹುಡುಗ ಇಳಿದ ಮ್ಯಾಲ ಅವ್ವಗ ಫೋನ್ ಹಚ್ಚಿದೆ. "ಯಾಕಲೇ, ಏನಾತು?" ಅಂದ್ಲು. "ಏನಿಲ್ಲ ಯವ್ವಾ, ಆ ಚಪಾತಿ ಮಾತಿಗೆ ನಿನಗ ಶರಣು ಹೇಳೂದು ಉಳಿದಿತ್ತು" ಅಂದೆ.